ಕಾರಿನ ಬಟನ್ನೋ, ಜೇಬಿನ ಫೋನೋ? ತುರ್ತು ಕರೆಯ ನಾಲ್ಕು ದಾರಿ ನೋಡಿದೆ

ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ನಾಯಿಗೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಆದರೆ ಡ್ಯಾಶ್‌ಬೋರ್ಡ್ ಹೋಲ್ಡರಿನಲ್ಲಿದ್ದ ಫೋನ್ ಮಾಯ. ಗಾಡಿ ಪಕ್ಕಕ್ಕೆ ಹಾಕಿ ಹುಡುಕಿದೆ. ಪಕ್ಕದ ಸೀಟಿನ ಕೆಳಗೆ, ಸೀಟು ಹಿಂದೆ ಮುಂದೆ ಜಾರುವ ಕಂಬಿ ಇರುತ್ತದಲ್ಲ, ಅದರ ಸಂದಿಯಲ್ಲಿ ಬೋರಲು ಬಿದ್ದಿತ್ತು. ಎರಡು ಸಲ ಕೈ ತರಚಿಸಿಕೊಂಡು ಹೊರಗೆ ತೆಗೆದೆ. ಬರೀ ಬ್ರೇಕ್ ಹೊಡೆದಿದ್ದಕ್ಕೇ ಹೀಗೆ. ನಿಜವಾಗಿ ಗುದ್ದಿದ್ದರೆ? ಸೀಟ್ ಬೆಲ್ಟ್ ಬಿಗಿದು, ಒಂದು ಕೈ ಆಡದೆ ಕೂತಿದ್ದರೆ, ಆ ಸಂದಿಯಲ್ಲಿರುವ ಫೋನ್ ನನಗೆ ಯಾವ ಕೆಲಸಕ್ಕೆ ಬರುತ್ತಿತ್ತು?

ಆಮೇಲೆ ಒಂದೂವರೆ ತಿಂಗಳು ಇದೇ ಗುಂಗು. ನನ್ನ ಕಾರಿನಲ್ಲೇ ಇರುವ ಎಸ್‌ಒಎಸ್ ಬಟನ್, ಭಾವನ ಹಳೆಯ ಕಾರಿನಲ್ಲಿರುವ ಬ್ಲೂಟೂತ್ ವ್ಯವಸ್ಥೆ, ಫೋನಿನೊಳಗೇ ಇರುವ ಅಪಘಾತ ಪತ್ತೆ, ಮತ್ತೆ ಸ್ಟೇರಿಂಗ್ ಕೆಳಗೆ ಚುಚ್ಚುವ, ಅಪಘಾತ ಆದರೆ ಮನೆಯವರಿಗೆ ಮೆಸೇಜ್ ಕಳಿಸುವ ಒಂದು ಪುಟ್ಟ ಡಾಂಗಲ್. ನಾಲ್ಕನ್ನೂ ನೋಡಿದೆ. ಗಾಡಿ ಗುದ್ದಿಸಿ ನೋಡುವಷ್ಟು ಧೈರ್ಯವೂ ಇಲ್ಲ, ದುಡ್ಡೂ ಇಲ್ಲ. ತುರ್ತು ನಂಬರಿಗೆ ಸುಮ್ನೆ ಕರೆ ಮಾಡಿ ಪರೀಕ್ಷಿಸುವುದಂತೂ ತಪ್ಪು. ಆ ಹೊತ್ತಿಗೆ ನಿಜವಾಗಿ ಕಷ್ಟದಲ್ಲಿರುವವರ ಲೈನನ್ನು ನಾವು ಹಿಡಿದಿಟ್ಟ ಹಾಗೆ. ಹಾಗಾಗಿ ನಾನು ನೋಡಿದ್ದು ಇಷ್ಟು: ಕರೆ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಕಳಚಿಕೊಳ್ಳುವ ಕೊಂಡಿ ಯಾವುದು, ಮಾತು ಕೇಳಿಸುತ್ತದಾ, ನಾನಿರುವ ಜಾಗ ಆ ಕಡೆಯವರಿಗೆ ಗೊತ್ತಾಗುತ್ತದಾ.

ಮೊದಲು ನನ್ನ ಕಾರಿನದು. ಒಳಗಿನ ಕನ್ನಡಿಯ ಮೇಲೆ, ಛಾವಣಿಯ ದೀಪದ ಪಕ್ಕ ಒಂದು ಪುಟ್ಟ ಮುಚ್ಚಳ. ಎತ್ತಿದರೆ ಕೆಂಪು ಬಟನ್. ದೀಪ ಹಾಕಲು ಹೋಗಿ ಇದನ್ನು ಒತ್ತಿಬಿಡಬಾರದು ಅಂತಲೇ ಆ ಮುಚ್ಚಳ. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ದೀಪ. ಹಸಿರಿದ್ದರೆ ಎಲ್ಲ ಸರಿ, ಕೆಂಪಿದ್ದರೆ ಏನೋ ಕೆಟ್ಟಿದೆ. ಮೂರು ವರ್ಷ ಓಡಿಸಿದ್ದೇನೆ, ಆ ದೀಪವನ್ನು ಒಂದು ದಿನವೂ ನೋಡಿರಲಿಲ್ಲ.

ನಮಗೆ ಕಾಣುವುದು ಬಟನ್ ಮಾತ್ರ. ಕೆಲಸ ಮಾಡುವ ಡಬ್ಬಿ ಒಳಗೆಲ್ಲೋ ಕೂತಿರುತ್ತದೆ. ಅದಕ್ಕೆ ತನ್ನದೇ ಸಿಮ್, ತನ್ನದೇ ಆಂಟೆನಾ, ಉಪಗ್ರಹದಿಂದ ಜಾಗ ತಿಳಿಯುವ ಚಿಪ್, ಒಂದು ಮೈಕ್, ಒಂದು ಪುಟ್ಟ ಬ್ಯಾಟರಿ. ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಬೇಕಾ ಬೇಡವಾ ಅಂತ ತೀರ್ಮಾನ ಮಾಡುವ ಕಂಪ್ಯೂಟರ್ ಒಂದಿದೆಯಲ್ಲ, ಅದು ಏರ್‌ಬ್ಯಾಗ್ ಬಿಚ್ಚುತ್ತಲೇ ಈ ಡಬ್ಬಿಗೂ ಸುದ್ದಿ ಮುಟ್ಟಿಸುತ್ತದೆ. ಮುಂದಿನದಕ್ಕೆ ಯಾರೂ ಏನೂ ಒತ್ತಬೇಕಿಲ್ಲ. ಪುಟ್ಟ ಬ್ಯಾಟರಿ ಯಾಕೆ ಅಂದರೆ, ಎದುರಿನಿಂದ ಗುದ್ದಿದಾಗ ಬಾನೆಟ್ ಕೆಳಗಿನ ದೊಡ್ಡ ಬ್ಯಾಟರಿಯೇ ಮೊದಲು ಹೋಗಬಹುದು. ಯುರೋಪಿನ ನಿಯಮದಲ್ಲಿ ಇದಕ್ಕೂ ಲೆಕ್ಕ ಇದೆ: 5 ನಿಮಿಷ ಮಾತು, ಆಮೇಲೆ ಆ ಕಡೆಯಿಂದ ವಾಪಸ್ ಕರೆ ಬರಬಹುದು ಅಂತ 60 ನಿಮಿಷ ಕಾಯುವುದು, ಬಂದರೆ ಮತ್ತೆ 5 ನಿಮಿಷ ಮಾತು. ಇಷ್ಟಕ್ಕೆ ಸಾಲುವಷ್ಟು ಚಾರ್ಜ್ ಇರಲೇಬೇಕು.

ಈ ಬಟನ್ನುಗಳಲ್ಲೇ ಎರಡು ಜಾತಿ. ಒಂದು, ಗಾಡಿ ಮಾಡಿದ ಕಂಪನಿಯ ಕಾಲ್ ಸೆಂಟರಿಗೆ ಹೋಗುವುದು. ಜನರಲ್ ಮೋಟಾರ್ಸ್‌ನವರ ಆನ್‌ಸ್ಟಾರ್ 1996ರಲ್ಲಿ ಶುರುವಾಗಿದ್ದು ಈ ಜಾತಿಯದು. ಅಲ್ಲಿ ಕೂತವರು ನಿಮ್ಮ ಮಾತು ಕೇಳಿ, ಆಮೇಲೆ ಆಂಬುಲೆನ್ಸ್‌ನವರಿಗೋ ಪೊಲೀಸರಿಗೋ ದಾಟಿಸುತ್ತಾರೆ. ಇನ್ನೊಂದು, ಸೀದಾ ಸರ್ಕಾರಿ ತುರ್ತು ಕೇಂದ್ರಕ್ಕೇ ಹೋಗುವುದು. ಯುರೋಪಿನ ಈಕಾಲ್ ಅಂಥದ್ದು, 112ಕ್ಕೆ ನೇರ ಕರೆ. 2018ರ ಮಾರ್ಚ್ 31ರಿಂದ ಅಲ್ಲಿ ಹೊಸದಾಗಿ ಒಪ್ಪಿಗೆ ಪಡೆಯುವ ಕಾರಿನ ಮಾದರಿಗಳಿಗೆ ಕಡ್ಡಾಯ. ಇದಕ್ಕೆ ಚಂದಾ ಇಲ್ಲ. ಕಂಪನಿಯದಕ್ಕೆ ಸಾಮಾನ್ಯವಾಗಿ ಕೆಲವು ವರ್ಷ ಪುಕ್ಕಟೆ, ಆಮೇಲೆ ಚಂದಾ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಕೇಳಲೇಬೇಕು. ಬಟನ್ ಇದ್ದ ಮಾತ್ರಕ್ಕೆ ಆ ಕಡೆ ಯಾರೋ ಇದ್ದಾರೆ ಅಂತಲ್ಲ.

ನನ್ನ ಗಾಡಿಯದು ಕಾಲ್ ಸೆಂಟರ್ ಜಾತಿ. ಮೊದಲೇ ತಿಳಿಸಿ ಪರೀಕ್ಷಾ ಕರೆ ಮಾಡಬಹುದು ಅಂತ ಕೈಪಿಡಿಯಲ್ಲಿತ್ತು, ಹಾಗೇ ಮಾಡಿದೆ. ಹೆದ್ದಾರಿಯ ಪಕ್ಕ ನಿಲ್ಲಿಸಿ ಬಟನ್ ಒತ್ತಿದೆ. ಒಂದು ಬೀಪ್. ಆಮೇಲೆ ಮೌನ. ಸತ್ತೇ ಹೋಯಿತೇನೋ ಅನ್ನುವಂಥ ಮೌನ. ಇನ್ನೊಮ್ಮೆ ಒತ್ತಲು ಕೈ ಎತ್ತಿದ್ದೆ, ಅಷ್ಟರಲ್ಲಿ ಛಾವಣಿಯಿಂದ ಹೆಣ್ಣು ದನಿ: "ಸರ್, ನಿಮಗೆ ಏನಾದರೂ ಪೆಟ್ಟಾಗಿದೆಯಾ?" ಪರೀಕ್ಷೆ ಅಂದೆ. "ಸರಿ ಸರ್. ನೀವು ಉತ್ತರದ ಕಡೆ ಹೋಗುವ ಲೇನಿನ ಪಕ್ಕ ನಿಂತಿದ್ದೀರಿ, ಅಲ್ವಾ?"

ಉತ್ತರವೋ ದಕ್ಷಿಣವೋ ನನಗೇ ಗೊತ್ತಿರಲಿಲ್ಲ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಅಂತ ಕತ್ತು ತಿರುಗಿಸಿ ನೋಡಿ, ಹೌದು ಅಂದೆ.

ಇದು ಸಣ್ಣ ವಿಷಯ ಅಲ್ಲ. ನಡುವೆ ಗೋಡೆ ಕಟ್ಟಿದ ಹೆದ್ದಾರಿಯಲ್ಲಿ ಆಂಬುಲೆನ್ಸ್ ಆ ಕಡೆಯ ಲೇನಿಗೆ ಬಂದರೆ, ನಾವು ಕಾಣುತ್ತಿದ್ದರೂ ಅವರು ತಿರುಗಿ ಬರಲು ಎಷ್ಟೋ ದೂರ ಹೋಗಬೇಕು. ಗಾಡಿ ಕಳಿಸುವುದು ಬರೀ ಜಾಗವನ್ನಲ್ಲ, ಯಾವ ದಿಕ್ಕಿಗೆ ಓಡುತ್ತಿತ್ತು ಅನ್ನುವುದನ್ನೂ ಕಳಿಸುತ್ತದೆ. ಈಕಾಲ್‌ನಲ್ಲಿ ಈ ಮಾಹಿತಿಯ ಗಂಟು ಹೆಚ್ಚೆಂದರೆ 140 ಬೈಟ್. ಅಷ್ಟರಲ್ಲೇ ಸಮಯ, ಜಾಗ, ದಿಕ್ಕು, ಗಾಡಿಯ ಗುರುತಿನ ಸಂಖ್ಯೆ, ಪೆಟ್ರೋಲೋ ಡೀಸೆಲ್ಲೋ ವಿದ್ಯುತ್ತೋ, ತಾನಾಗಿ ಹೋದ ಕರೆಯೋ ಯಾರೋ ಒತ್ತಿದ್ದೋ, ಎಲ್ಲ ಇರುತ್ತದೆ. ಕೆಲವು ಗಾಡಿಗಳು ಎಷ್ಟು ಸೀಟ್ ಬೆಲ್ಟ್ ಹಾಕಿತ್ತು ಅನ್ನುವುದನ್ನೂ ಸೇರಿಸುತ್ತವೆ. ವಿದ್ಯುತ್ ಗಾಡಿ ಅಂತ ಮೊದಲೇ ಗೊತ್ತಿದ್ದರೆ ಬಾಗಿಲು ಕತ್ತರಿಸಲು ಬರುವವರಿಗೆ ಎಷ್ಟು ಅನುಕೂಲ ನೋಡಿ.

ಆ ಮೌನದ ಗುಟ್ಟೂ ಅಲ್ಲೇ ಇದೆ. ಈಕಾಲ್‌ನ ಮೂಲ ಪದ್ಧತಿಯಲ್ಲಿ ಮಾಹಿತಿಗೆ ಬೇರೆ ಇಂಟರ್ನೆಟ್ ಬೇಕಿಲ್ಲ. ಮಾತಾಡುವ ಲೈನಿನಲ್ಲೇ ಸದ್ದಾಗಿ ಹೋಗುತ್ತದೆ, ಹಳೇ ಮೋಡೆಮ್ ಕಿರುಚುತ್ತಿತ್ತಲ್ಲ ಹಾಗೆ. ಅದು ಮುಗಿಯುವ ತನಕ ಗಾಡಿಯ ಮೈಕ್, ಸ್ಪೀಕರ್ ಎರಡೂ ಬಂದ್. ಕೆಲವೇ ಸೆಕೆಂಡ್. ಆದರೆ ಗಾಬರಿಯಲ್ಲಿರುವವರಿಗೆ ಅದು ಯುಗ. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ: ಒತ್ತಿದ ಮೇಲೆ ದನಿ ಬರುವವರೆಗೆ ಸುಮ್ನಿರಿ, ಮತ್ತೆ ಮತ್ತೆ ಒತ್ತಬೇಡಿ.

ಇದರ ಕೊರತೆಯೂ ಇದೆ. ತಾನಾಗಿ ಕರೆ ಹೋಗುವುದು ಹೆಚ್ಚಾಗಿ ಏರ್‌ಬ್ಯಾಗ್ ನಂಬಿಕೊಂಡು. ಹಿಂದಿನಿಂದ ಯಾರಾದರೂ ಗುದ್ದಿ ಏರ್‌ಬ್ಯಾಗ್ ಬಿಚ್ಚದಿದ್ದರೆ ನಾವೇ ಒತ್ತಬೇಕು. ಇನ್ನೊಂದು, ಕಾರು ಹದಿನೈದು ವರ್ಷ ಬಾಳುತ್ತದೆ, ಮೊಬೈಲ್ ನೆಟ್‌ವರ್ಕ್ ಅಷ್ಟು ಬಾಳುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ 3ಜಿ ಮುಚ್ಚಿದಾಗ ಎಷ್ಟೋ ಹಳೆ ಗಾಡಿಗಳ ತುರ್ತು ಕರೆ ಹಾಗೇ ನಿಂತುಹೋಯಿತು. ಗಾಡಿ ಚೆನ್ನಾಗಿದೆ, ಬಟನ್ ಚೆನ್ನಾಗಿದೆ, ಟವರೇ ಇಲ್ಲ!

ಇನ್ನು ಭಾವನ ಕಾರು. ಅದರಲ್ಲಿ ಸಿಮ್ ಇಲ್ಲ. ಏರ್‌ಬ್ಯಾಗ್ ಬಿಚ್ಚಿದರೆ, ಬ್ಲೂಟೂತ್‌ನಲ್ಲಿ ಜೋಡಿಸಿಟ್ಟ ನಮ್ಮ ಫೋನಿನಿಂದಲೇ ಗಾಡಿ ತುರ್ತು ನಂಬರಿಗೆ ಕರೆ ಮಾಡುತ್ತದೆ. ಫೋರ್ಡ್‌ನವರ ಸಿಂಕ್ ಅನ್ನುವ, ಫೋನನ್ನು ಕಾರಿಗೆ ಜೋಡಿಸುವ ವ್ಯವಸ್ಥೆಯಲ್ಲಿ ಇದು ಹೆಸರಾಗಿತ್ತು. ಏರ್‌ಬ್ಯಾಗ್ ಬಿಚ್ಚಿದರೆ ಮಾತ್ರವಲ್ಲ, ಗುದ್ದಿನಿಂದ ಇಂಧನದ ಪಂಪ್ ನಿಂತರೂ ಕರೆ ಹೋಗುವ ಏರ್ಪಾಡು ಅದರಲ್ಲಿ. ಉಪಾಯ ಚೆನ್ನಾಗಿದೆ. ಚಂದಾ ಇಲ್ಲ, ಫೋನ್ ಬದಲಾಯಿಸಿದ ಹಾಗೆ ನೆಟ್‌ವರ್ಕೂ ಹೊಸದಾಗುತ್ತದೆ. ನಾನು ಸೆಟ್ಟಿಂಗ್ಸ್ ತೆರೆದು ನೋಡಿದೆ. ಆರು ವರ್ಷದಿಂದ ಆಫ್!

"ಭಾವ, ಇದನ್ನ ಆನ್ ಮಾಡೇ ಇಲ್ವಲ್ಲ ನೀವು."

"ಏನೋ ಅದು? ಹಾಡು ಕೇಳೋಕಲ್ವಾ ಬ್ಲೂಟೂತ್?"

ಆನ್ ಮಾಡಿ, ಎರಡು ವಾರ ಅವರ ಜತೆ ಓಡಾಡುವಾಗಲೆಲ್ಲ ಗಮನಿಸಿದೆ. ಫೋನ್ ಮನೆಯಲ್ಲಿ ಮರೆತ ದಿನ ಒಂದು. ಚಾರ್ಜ್ ಖಾಲಿಯಾದ ದಿನ ಎರಡು. ಅಕ್ಕ ಓಡಿಸಿದ ದಿನ ಅವಳ ಫೋನ್ ಜೋಡಿಸಿಯೇ ಇರಲಿಲ್ಲ. ಗಾಡಿ ಸರಿ, ಫೋನ್ ಸರಿ, ಬ್ಲೂಟೂತ್ ಸರಿ, ಸೆಟ್ಟಿಂಗ್ ಸರಿ, ಸಿಗ್ನಲ್ ಸರಿ, ಇಷ್ಟೂ ಒಟ್ಟಿಗೆ ಕೂಡಿ ಬಂದರೆ ಮಾತ್ರ ಕರೆ. ನಾಲ್ಕರಲ್ಲಿ ಕೊಂಡಿಗಳು ಜಾಸ್ತಿ ಇರುವುದು ಇದರಲ್ಲೇ. ಆದರೂ ಮಾತು ಕೇಳಿಸುವ ವಿಷಯದಲ್ಲಿ ಇದಕ್ಕೆ ಒಳ್ಳೇ ಅಂಕ. ಫೋನ್ ಎಲ್ಲೇ ಬಿದ್ದಿರಲಿ, ಮಾತು ಕಾರಿನ ಮೈಕ್ ಮತ್ತು ಸ್ಪೀಕರಿನಲ್ಲೇ ಬರುತ್ತದೆ.

ಮೂರನೆಯದು ಫೋನ್ ಒಂದೇ. ಆ್ಯಪಲ್ ಈ ಅಪಘಾತ ಪತ್ತೆಯನ್ನು 2022ರಲ್ಲಿ ಐಫೋನ್ 14ರ ಜತೆ ತಂದಿತು. ಗೂಗಲ್‌ನ ಪಿಕ್ಸೆಲ್‌ನಲ್ಲಿ ಅದಕ್ಕೂ ಮೊದಲೇ ಇತ್ತು. ಐಫೋನಿನಲ್ಲಿ ಮೊದಲೇ ಆನ್ ಆಗಿರುತ್ತದೆ, ಪಿಕ್ಸೆಲ್‌ನಲ್ಲಿ ನಾವು ಆನ್ ಮಾಡಬೇಕು. ಗುದ್ದು ಹೇಗೆ ಗೊತ್ತಾಗುತ್ತದೆ ಅನ್ನುವುದೇ ನನಗೆ ಇಷ್ಟವಾದ ಭಾಗ. ಐಫೋನಿನ ಅಕ್ಸೆಲೆರೋಮೀಟರ್, ಅಂದರೆ ವೇಗ ಎಷ್ಟು ಥಟ್ಟನೆ ಬದಲಾಯಿತು ಅಂತ ನೋಡುವ ಸೆನ್ಸರ್, 256 ಜಿ (ಭೂಮಿಯ ಸೆಳೆತದ 256 ಪಟ್ಟು) ತನಕದ ಹೊಡೆತ ಅಳೆಯುತ್ತದೆ. ಮೈಕ್ ಗುದ್ದಿದ ಸದ್ದಿಗೆ ಕಿವಿ ಕೊಡುತ್ತದೆ. ಓಟದ ವೇಗ ಥಟ್ಟನೆ ಇಳಿಯಿತಾ ಅಂತ ಜಿಪಿಎಸ್ ನೋಡುತ್ತದೆ. ಇಷ್ಟು ಸಾಲದು ಅಂತ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಬೇರೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಏರ್‌ಬ್ಯಾಗ್ ಉಬ್ಬಿದರೆ ಒಳಗಿನ ಒತ್ತಡ ಏರುತ್ತದೆ, ಅದನ್ನೂ ಹಿಡಿಯುತ್ತದೆ. ಆಮೇಲೆ ಪರದೆ ಮೇಲೆ ಎಚ್ಚರಿಕೆ. ಸುಮಾರು 20 ಸೆಕೆಂಡ್ ನಾವು ಏನೂ ಮಾಡದಿದ್ದರೆ ಕರೆ ತಾನಾಗಿ ಹೋಗಿ, ರೆಕಾರ್ಡ್ ಮಾಡಿದ ದನಿ ಜಾಗ ಹೇಳುತ್ತದೆ.

ತಪ್ಪು ಕರೆಗಳೂ ಆಗಿವೆ. ಐಫೋನ್ 14 ಬಂದ ಹೊಸದರಲ್ಲಿ ರೋಲರ್ ಕೋಸ್ಟರ್ ಹತ್ತಿದವರ, ಹಿಮದ ಮೇಲೆ ಜಾರಾಡುವವರ ಫೋನುಗಳು ತುರ್ತು ಕೇಂದ್ರಗಳಿಗೆ ಕರೆ ಮಾಡಿದ್ದು ಸುದ್ದಿಯಾಗಿತ್ತು.

ನಾನು ಮಾಡಿದ ಪರೀಕ್ಷೆ ಬೇರೆ. ಫೋನನ್ನು ಅವತ್ತು ಬಿದ್ದಿದ್ದ ಅದೇ ಸಂದಿಗೆ, ಹಾಗೇ ಬೋರಲಾಗಿ ತುರುಕಿದೆ. ಸ್ಪೀಕರ್ ಆನ್ ಮಾಡಿ ಭಾವನಿಗೆ ಕರೆ ಮಾಡಿಟ್ಟೆ. ಡ್ರೈವರ್ ಸೀಟಿನಲ್ಲಿ ಕೂತು ಸಾಮಾನ್ಯ ದನಿಯಲ್ಲಿ ಮಾತಾಡಿದೆ. "ಬಾವಿಯೊಳಗಿಂದ ಮಾತಾಡ್ತಿದ್ದೀಯೇನೋ" ಅಂದರು. ಇಂಜಿನ್ ಆನ್ ಮಾಡಿ ಕಿಟಕಿ ಇಳಿಸಿದ ಮೇಲೆ ಅವರಿಗೆ ನಾಲ್ಕು ಮಾತಲ್ಲಿ ಒಂದು ಕೇಳಿಸಿತು. ಇದೇ ಪರೀಕ್ಷೆಯಲ್ಲಿ ಕಾರಿನ ಮೈಕ್ ಸಲೀಸಾಗಿ ಪಾಸು.

ಆದರೆ ಫೋನಿಗೆ ಒಂದು ತುರುಪು ಇದೆ. ಅದು ನನ್ನ ಜತೆ ಬರುತ್ತದೆ. ಟ್ಯಾಕ್ಸಿಯಲ್ಲಿ, ಗೆಳೆಯರ ಗಾಡಿಯಲ್ಲಿ, ಯಾವ ಬಟನ್ನೂ ಇಲ್ಲದ ಹಳೇ ಕಾರಿನಲ್ಲಿ. ಟವರೇ ಇಲ್ಲದ ಕಡೆ ಕೆಲವು ದೇಶಗಳಲ್ಲಿ ಐಫೋನ್ 14 ಮತ್ತು ಆಮೇಲಿನವು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ನನ್ನ ಕಾರಿನ ಡಬ್ಬಿಗೆ ಅದು ಆಗದು. ಇನ್ನೊಂದು ಮಾತು: ಸರ್ಕಾರಿ ತುರ್ತು ನಂಬರಿಗೆ ಹೋಗುವ ಕರೆ, ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಸಾಮಾನ್ಯವಾಗಿ ಬೇರೆ ಕಂಪನಿಯ ಟವರ್ ಹಿಡಿದು ಹೋಗುತ್ತದೆ. ಕಾಲ್ ಸೆಂಟರಿಗೆ ಹೋಗುವ ಕರೆಗೆ ಆ ಮರ್ಯಾದೆ ಇಲ್ಲ, ಅದು ಮಾಮೂಲಿ ಕರೆ. ಈ ಒಂದು ವಿಷಯದಲ್ಲಿ ಫೋನ್ ನನ್ನ ಗಾಡಿಯ ಬಟನ್‌ಗಿಂತ ಮೇಲು.

ಡಾಂಗಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೇರಿಂಗ್ ಕೆಳಗೆ, ಗಾಡಿಯ ದೋಷ ನೋಡಲು ಮೆಕ್ಯಾನಿಕ್‌ಗಳು ಬಳಸುವ ಒಬಿಡಿ ಸಾಕೆಟ್ಟಿಗೆ ಚುಚ್ಚಿದೆ. ಒಂದು ವಾರದಲ್ಲಿ ಮೊಣಕಾಲು ತಗುಲಿ ಎರಡು ಸಲ ಸಡಿಲವಾಯಿತು. ರಸ್ತೆಯ ಗುಂಡಿಗೆ ಚಕ್ರ ಇಳಿದದ್ದನ್ನು ಅಪಘಾತ ಅಂದುಕೊಂಡು ಅಕ್ಕನಿಗೆ ಮೆಸೇಜ್ ಕಳಿಸಿತು. ಅವಳು ಅಳುತ್ತಾ ಫೋನ್ ಮಾಡಿದಳು. ಅವತ್ತೇ ಕಿತ್ತಿಟ್ಟೆ. ಗಾಡಿ ನಿಂತಿದ್ದಾಗಲೂ ಅದು ಬ್ಯಾಟರಿ ಹೀರುತ್ತಿರುತ್ತದೆ ಅನ್ನುವುದು ಬೇರೆ.

ನನ್ನ ಆಯ್ಕೆ ಕೇಳಿದರೆ, ಸೀದಾ ಸರ್ಕಾರಿ ಕೇಂದ್ರಕ್ಕೆ ಹೋಗುವ ಕಾರಿನ ಬಟನ್ ಸಿಕ್ಕರೆ ಅದಕ್ಕೇ ಮೊದಲ ಸ್ಥಾನ. ನನಗಿರುವುದು ಕಾಲ್ ಸೆಂಟರಿನದು, ಹಾಗಾಗಿ ಅದನ್ನೂ ಇಟ್ಟುಕೊಂಡು ಫೋನಿನದನ್ನೂ ಆನ್ ಮಾಡಿದ್ದೇನೆ. ಎರಡೂ ಒಟ್ಟಿಗೆ ಕರೆ ಮಾಡಿದರೆ ಮಾಡಲಿ. ಹೋಲ್ಡರ್ ಕಿತ್ತು ಬಿಸಾಕಿದೆ. ಫೋನ್ ಈಗ ಅಂಗಿಯ ಜಿಪ್ ಇರುವ ಜೇಬಿನಲ್ಲಿ. ಗಾಡಿ ಸ್ಟಾರ್ಟ್ ಮಾಡುವಾಗ ಆ ಸಾಸಿವೆ ಕಾಳಿನ ಬಣ್ಣ ನೋಡುತ್ತೇನೆ.

ಮೊನ್ನೆ ಭಾವ ಫೋನ್ ಮಾಡಿದ್ದರು. "ನಿನ್ನ ಮಾತು ಕೇಳಿ ಆನ್ ಮಾಡಿದ್ದೇ ತಪ್ಪಾಯ್ತು ಕಣೋ. ಫೋನ್ ಜೋಡಿಸಿಲ್ಲ, ಫೋನ್ ಜೋಡಿಸಿಲ್ಲ ಅಂತ ದಿನಾ ಗಾಡಿ ಬೈಯುತ್ತೆ."

"ಬೈಯ್ಲಿ ಬಿಡಿ ಭಾವ" ಅಂದೆ.