ಹುಲ್ಲಿನ ಮನೆಯೋ, ಕಲ್ಲಿನ ಮನೆಯೋ?

ಇಂಗ್ಲೆಂಡಿನಲ್ಲಿ ನಾವು ಬಾಡಿಗೆಗಿದ್ದ ಹಳ್ಳಿ ಮನೆಗಳು ಎರಡು. ಮೊದಲನೆಯದು ಸಫೋಕ್‌ನ ಕ್ಯಾವೆಂಡಿಶ್‌ನಲ್ಲಿ, ಹುಲ್ಲಿನ ಮಾಡಿನದು, 2014ರಿಂದ ಮೂರು ವರ್ಷ. ಎರಡನೆಯದು ಯಾರ್ಕ್‌ಷೈರ್ ಡೇಲ್ಸ್‌ನ ಗ್ರಾಸಿಂಗ್ಟನ್‌ನಲ್ಲಿ, ಕಲ್ಲಿನದು, ನಾಲ್ಕು ವರ್ಷ. ನಮ್ಮೆಜಮಾನರ ಆಸ್ಪತ್ರೆ ಕೆಲಸ ಎಲ್ಲಿಗೆ ಅಂದರೆ ಅಲ್ಲಿಗೆ ಗಂಟುಮೂಟೆ ಕಟ್ಟಿದ್ದು. ಫೋಟೊ ನೋಡಿದವರೆಲ್ಲ ಹುಲ್ಲಿನ ಮನೆಗೇ ಓಟು ಹಾಕುತ್ತಾರೆ. ನನ್ನ ಓಟು ಕಲ್ಲಿನ ಮನೆಗೆ.

ಚೆಂದದ ವಿಷಯಕ್ಕೆ ಬಂದರೆ ಪೈಪೋಟಿಯೇ ಇಲ್ಲ, ಒಪ್ಪಿಕೊಂಡೆ. ಕ್ಯಾವೆಂಡಿಶ್‌ನಲ್ಲಿ ಊರ ನಡುವೆ ದೊಡ್ಡ ಹುಲ್ಲುಬಯಲು, ಅದರಂಚಿಗೆ ಗುಲಾಬಿ ಬಣ್ಣದ ಗುಡಿಸಲಿನಂಥ ಮನೆಗಳು, ಹಿಂದೆ ಸೇಂಟ್ ಮೇರಿ ಚರ್ಚಿನ ಗೋಪುರ. ಆ ಬಣ್ಣಕ್ಕೆ ಸಫೋಕ್ ಪಿಂಕ್ ಅಂತಲೇ ಹೆಸರು. ಹಿಂದೆ ಸುಣ್ಣಕ್ಕೆ ಎತ್ತಿನ ರಕ್ತ ಬೆರೆಸುತ್ತಿದ್ದರು ಅಂತ ಊರಲ್ಲಿ ಹೇಳುತ್ತಾರೆ. ಅಮ್ಮನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಗೋಡೆಗೆ ಒರಗುತ್ತಿರಲಿಲ್ಲ.

ಆ ಗೋಡೆ ಏನು ಅಂತ ಅಮ್ಮನೇ ಕಂಡುಹಿಡಿದಿದ್ದು. ಮೆಟ್ಟಿಲ ಪಕ್ಕ ಒಂದು ಅಂಗೈ ಅಗಲದಷ್ಟು ಗಾರೆ ಕೆತ್ತಿ, ಗಾಜು ಹಾಕಿ, ಒಳಗಿನದು ಕಾಣುವ ಹಾಗೆ ಬಿಟ್ಟಿದ್ದರು. ಹೇಝಲ್ ಗಿಡದ ಕಡ್ಡಿ ಹೆಣೆದ ತಡಿಕೆ, ಅದರ ಮೇಲೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು. ಅಮ್ಮ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಹಳೇ ಕೊಟ್ಟಿಗೆ ಗೋಡೆ ಅಲ್ವೇನೇ? ಇದಕ್ಕೆ ಇಷ್ಟೊಂದು ಬಾಡಿಗೆ ಕೊಡ್ತೀರಾ?" ಅಂದಳು. ತೀರ್ಥಹಳ್ಳಿ ಕಡೆಯ ಸೋಗೆ ಮನೆಯಲ್ಲಿ ಬೆಳೆದವಳು. ಅವಳ ಮುಂದೆ ಇಂಗ್ಲೆಂಡಿನ ಹಳೇಕಾಲದ ಸೊಬಗೆಲ್ಲ ಠುಸ್ ಅಂತು.

ಮಾಡು ಮಾತ್ರ ನಿಜಕ್ಕೂ ಒಳ್ಳೆಯದು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ನೀರು ಹರಿದುಹೋಗುವ ದೋಣಿ ಇಲ್ಲ, ಮಳೆ ನೀರು ಸೂರಿನ ಅಂಚಿನಿಂದ ನೇರ ಕೆಳಗೆ ತೊಟ್ಟಿಕ್ಕುತ್ತದೆ. ಮಳೆ ತಾನೇ ಎಷ್ಟು? ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈನ ಒಂದು ಜೋರು ವಾರ ಅಷ್ಟು ಸುರಿದುಬಿಡುತ್ತದೆ.

ಆದರೆ ಬೆಂಕಿ ಭಯ! ಚಿಮಣಿಯನ್ನು ವರ್ಷಕ್ಕೆ ಎರಡು ಸಲ ಗುಡಿಸಬೇಕು ಅಂತ ಕರಾರಿನಲ್ಲೇ ಇತ್ತು. ದೀಪಾವಳಿಗೆ ಸುರುಸುರು ಬತ್ತಿ ಹಚ್ಚಲು ಮಕ್ಕಳನ್ನು ಕರೆದುಕೊಂಡು ಹುಲ್ಲುಬಯಲಿನ ಮಧ್ಯಕ್ಕೇ ಹೋಗಬೇಕಿತ್ತು, ಜೊತೆಗೊಂದು ಬಕೆಟ್ ನೀರು.

ಬೆಂಕಿಗಿಂತ ಜಾಸ್ತಿ ಕಾಡಿದ್ದು ತೇವ. ಎರಡನೇ ಚಳಿಗಾಲಕ್ಕೆ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಬಾಡಿಗೆ ಏಜೆನ್ಸಿಯವರು ಬಂದು ನೋಡಿ, ನೀವು ಜಾಸ್ತಿ ಅಡುಗೆ ಮಾಡ್ತೀರಿ, ಅದರ ಹಬೆ ಅಂದರು. ನಮ್ಮ ಸಾರಿನ ಮೇಲೆ ಆರೋಪ! ಕೊನೆಗೆ ಹಳೇ ಮನೆಗಳ ಗಾರೆ ಕೆಲಸ ಬಲ್ಲ ಒಬ್ಬ ಅಜ್ಜ ಗೋಡೆ ತಟ್ಟಿ ನೋಡಿ ಹೇಳಿದ: ಹೊರಗಡೆ ಯಾರೋ ಸಿಮೆಂಟ್ ಬಳಿದಿದ್ದಾರೆ. ಸುಣ್ಣದ ಗಾರೆಯಾದರೆ ಗೋಡೆ ಕುಡಿದ ನೀರು ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಕಿಟಕಿಗೆ ಎರಡು ಪದರದ ಗಾಜು ಹಾಕಿಸೋಣ ಅಂದರೆ ಅದು ಗ್ರೇಡ್ 2 ಪಟ್ಟಿಯಲ್ಲಿದ್ದ, ಅಂದರೆ ಕಾನೂನು ಕಾಪಾಡುವ ಹಳೇ ಕಟ್ಟಡ, ಸ್ಥಳೀಯ ಕೌನ್ಸಿಲ್ ಒಪ್ಪಿಗೆ ಬೇಕು. ನಮ್ಮೆಜಮಾನರು ಆರಡಿ ಎತ್ತರ. ಅಡುಗೆಮನೆ ತೊಲೆಗೆ ತಲೆ ಬಡಿಸಿಕೊಳ್ಳುವುದು ವಾರಕ್ಕೊಮ್ಮೆ ಗ್ಯಾರಂಟಿ.

ಗ್ರಾಸಿಂಗ್ಟನ್ ಮನೆ ನೋಡಲು ಏನೂ ಇಲ್ಲ. ಬೂದು ಸುಣ್ಣಕಲ್ಲು, ಮೇಲೂ ಕಲ್ಲಿನ ಚಪ್ಪಡಿ. ಹಿಂದೆ ಮೇಲಿನ ಗುಡ್ಡದಲ್ಲಿ ಸೀಸದ ಗಣಿ ಇತ್ತು. ಇದು ಗಣಿ ಕೆಲಸದವರ ಮನೆಯಂತೆ. ಗೋಡೆ ಒಂದು ಮೊಳಕ್ಕಿಂತ ದಪ್ಪ, ಕಿಟಕಿ ಕಟ್ಟೆಯ ಮೇಲೆ ಮಗಳು ಕಾಲು ಮಡಚಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಗಾಳಿ, ಮಳೆ ಎರಡೂ ಸಫೋಕ್‌ಗಿಂತ ಎಷ್ಟೋ ಜಾಸ್ತಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಕತ್ತಲು. ರೈಲು ಹಿಡಿಯಲು ಸ್ಕಿಪ್ಟನ್‌ಗೆ ಹೋಗಬೇಕು. ಪಕ್ಕದ ಮನೆ ಅಜ್ಜಿ ಮೊದಲ ದಿನವೇ ನಮ್ಮೆಜಮಾನರನ್ನು "ಲವ್" ಅಂತ ಕರೆದಾಗ ನಾನು ಗಾಬರಿಯಾದೆ. ಆಮೇಲೆ ನೋಡಿದರೆ ಆಕೆ ನನ್ನನ್ನೂ, ಪೋಸ್ಟ್‌ಮ್ಯಾನನ್ನೂ ಹಾಗೇ ಕರೆಯುವುದು. ನಮ್ಮ ಕಡೆ ಕಂಡವರಿಗೆಲ್ಲ ಮಾರಾಯ್ರೇ ಅನ್ನೋದಿಲ್ವಾ, ಹಾಗೆ.

ಆ ಮನೆಯನ್ನು ಗೆಲ್ಲಿಸಿದ್ದು ಒಂದು ಬೀರು. ಮಹಡಿಯಲ್ಲಿ ಬಚ್ಚಲಿನ ಪಕ್ಕ, ಬಿಸಿನೀರಿನ ತಾಮ್ರದ ಹಂಡೆ ಇಟ್ಟ ಗೂಡು. ಮೇಲೆ ಮರದ ಹಲಗೆ, ಬಟ್ಟೆ ಬೆಚ್ಚಗಿರಲಿ ಅಂತ. ಏರಿಂಗ್ ಕಬರ್ಡ್ ಅನ್ನುತ್ತಾರೆ. ಕ್ಯಾವೆಂಡಿಶ್‌ನಲ್ಲಿ ಬೇಕಾದಾಗಷ್ಟೇ ನೀರು ಕಾಯಿಸುವ ಬಾಯ್ಲರ್, ಹಂಡೆಯಿಲ್ಲ. ಅಲ್ಲಿ ಇಡ್ಲಿ ಹಿಟ್ಟನ್ನು ಅವನ್ ದೀಪ ಹಚ್ಚಿ ಒಳಗಿಟ್ಟರೂ, ಕಂಬಳಿ ಹೊದಿಸಿದರೂ, ಬೆಳಿಗ್ಗೆ ಹಾಗೇ ತೆಪ್ಪಗೆ ಕೂತಿರುತ್ತಿತ್ತು. ಮೂರು ವರ್ಷ ಕಲ್ಲಿನಂಥ ಇಡ್ಲಿ ತಿಂದಿದ್ದು ಹುಲ್ಲಿನ ಮನೆಯಲ್ಲಿ! ಗ್ರಾಸಿಂಗ್ಟನ್‌ನಲ್ಲಿ ಮೊದಲ ರಾತ್ರಿ ಸುಮ್ನೆ ನೋಡೋಣ ಅಂತ ಆ ಗೂಡಿನಲ್ಲಿ ಪಾತ್ರೆ ಇಟ್ಟೆ. ಹೊರಗೆ ಹಿಮ. ಬೆಳಿಗ್ಗೆ ಬಾಗಿಲು ತೆಗೆದರೆ ಹಿಟ್ಟು ಉಕ್ಕಿ, ಮುಚ್ಚಳ ಎತ್ತಿ, ಕೆಳಗಿನ ಟವೆಲ್ ಮೇಲೆಲ್ಲ ಇಳಿದಿತ್ತು. ಟವೆಲ್ ಒಗೆಯುವಾಗಲೂ ನಗು ತಡೆಯಲಾಗಲಿಲ್ಲ.

ಹೋದ ತಿಂಗಳು ಗೆಳತಿಯೊಬ್ಬಳು ಅದೇ ಕಡೆ ಹಳ್ಳಿಯೊಂದರಲ್ಲಿ ಮನೆ ನೋಡಲು ಹೋಗಿ ವಿಡಿಯೊ ಕಾಲ್ ಮಾಡಿದ್ದಳು. ಹೂತೋಟ, ಬೆಟ್ಟ, ಅಗ್ಗಿಷ್ಟಿಕೆ ಎಲ್ಲ ತೋರಿಸುತ್ತಲೇ ಇದ್ದಳು. "ಅದೆಲ್ಲ ಇರಲಿ ಕಣೇ, ಮಹಡಿ ಹತ್ತು, ಬಚ್ಚಲ ಪಕ್ಕದ ಬೀರು ಬಾಗಿಲು ತೆಗಿ" ಅಂದೆ.