ಸೆರಾಮಿಕ್‌ಗೆ ಲೋಹ ಬ್ರೇಜ್ ಮಾಡಿಸುವವರೇ, ಲೀಕ್ ಟೆಸ್ಟ್ ರಿಪೋರ್ಟ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ

ಅಲ್ಯುಮಿನಾ ಎಂಬ ಸೆರಾಮಿಕ್‌ನ ಕೊಳವೆಯ ತುದಿಗೆ ಲೋಹದ ಸ್ಲೀವ್ (ತೆಳು ಬಳೆ) ಬ್ರೇಜ್ ಮಾಡಿಸಿ, ಅಂದರೆ ಮಧ್ಯೆ ಬೇರೊಂದು ಲೋಹ ಕರಗಿಸಿ ಬೆಸೆಸಿ, ವ್ಯಾಕ್ಯೂಮ್ ಫೀಡ್‌ಥ್ರೂ (ನಿರ್ವಾತದ ಛೇಂಬರಿನೊಳಕ್ಕೆ ಗಾಳಿ ಸೋರದಂತೆ ವಿದ್ಯುತ್ ಸಂಪರ್ಕ ದಾಟಿಸುವ ಭಾಗ) ತಯಾರಿಸುವವರು ಇದನ್ನು ಪೂರ್ತಿ ಓದಿ. ಪೀಣ್ಯದಲ್ಲಿರುವ ನಮ್ಮಂಥ ಸಣ್ಣ ಯೂನಿಟ್‌ಗಳಿಗೆ ಸ್ವಂತ ವ್ಯಾಕ್ಯೂಮ್ ಫರ್ನೇಸ್ ಇಡುವ ಶಕ್ತಿ ಇಲ್ಲ, ಜಾಬ್‌ವರ್ಕ್‌ಗೆ ಕೊಡಲೇಬೇಕು. ನಾವೂ ಕೊಟ್ಟೆವು. ಸ್ಲೀವ್ ಕೋವಾರ್ ಎಂಬ ಮಿಶ್ರಲೋಹದ್ದೇ ಆಗಬೇಕು, ಗೋಡೆ ದಪ್ಪ ಅರ್ಧ ಮಿಲಿಮೀಟರ್ ಅಂತ ಡ್ರಾಯಿಂಗ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಂದ ಮಾಲು ನೋಡಲು ಚೆನ್ನಾಗಿತ್ತು. ಹೀಲಿಯಂ ಅನಿಲ ಹಿಡಿದು ಸೋರಿಕೆ ನೋಡುವ ಲೀಕ್ ಟೆಸ್ಟಿನ ರಿಪೋರ್ಟ್ ಜೊತೆಗಿತ್ತು, ನಮ್ಮಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಸೋರಲಿಲ್ಲ. ಛೇಂಬರಿಗೆ ಕೂರಿಸಿ, ಒಳಗಂಟಿದ ತೇವ, ಅನಿಲ ಹೋಗಲೆಂದು 250 ಡಿಗ್ರಿಗೆ ಬೇಕ್ ಮಾಡಿ (ಕಾಯಿಸಿ) ತಣಿಸಿದ ಮೇಲೆ ಒಂದೊಂದಾಗಿ ಸೋರತೊಡಗಿದವು. ಅಷ್ಟರಲ್ಲಿ ಕೆಲವು ಗಿರಾಕಿಯ ಕೈ ಸೇರಿಯಾಗಿತ್ತು.

ಸಪ್ಲೈಯರ್‌ಗೆ ಫೋನ್ ಮಾಡಿದರೆ ಉತ್ತರ ರೆಡಿ: "ಸಾರ್, ರಿಪೋರ್ಟ್ ಕೊಟ್ಟಿದೀವಲ್ಲ, ನೀವು ಹೆಂಗೆಂಗೋ ಬಿಸಿ ಮಾಡಿದೀರ."

ಸೋರಿದ ಒಂದು ಪೀಸನ್ನು ಎಳೆದು ಮುರಿದು ನೋಡಿದೆವು. ಇದನ್ನು ಎಲ್ಲರೂ ಮಾಡಬೇಕು, ಏಕೆಂದರೆ ಮುರಿದ ಮುಖವೇ ಅರ್ಧ ಕಥೆ ಹೇಳುತ್ತದೆ. ಬೆಳ್ಳಿ-ತಾಮ್ರದ ಫಿಲ್ಲರ್ (ಕರಗಿಸಿ ಬೆಸೆಯುವ ಲೋಹ) ಸೆರಾಮಿಕ್‌ನಿಂದ ನುಣ್ಣಗೆ ಕಿತ್ತು ಬಂದಿದ್ದರೆ ಅದು ಹಿಡಿದೇ ಇರಲಿಲ್ಲ ಎಂದರ್ಥ. ಸೆರಾಮಿಕ್‌ಗೆ ಹಿಡಿಯಲೆಂದು ಫಿಲ್ಲರ್‌ಗೆ ಬೆರೆಸುವ ಟೈಟೇನಿಯಂ ಸಾಲದೇ ಹೋಗಿರಬಹುದು, ಇಲ್ಲವೇ ವ್ಯಾಕ್ಯೂಮ್ ಕೆಟ್ಟು ಟೈಟೇನಿಯಂ ಮೊದಲೇ ಆಕ್ಸೈಡ್ ಆಗಿರಬಹುದು. ನಮ್ಮ ಪೀಸಿನಲ್ಲಿ ಹಾಗಿರಲಿಲ್ಲ. ಸ್ಲೀವಿನ ಜೊತೆಗೆ ಸೆರಾಮಿಕ್‌ನ ತೆಳು ಚಿಪ್ಪೇ ಎದ್ದು ಬಂದಿತ್ತು. ಫಿಲ್ಲರ್ ಗಟ್ಟಿಯಾಗಿಯೇ ಹಿಡಿದಿತ್ತು, ಅದರ ಪಕ್ಕದ ಅಲ್ಯುಮಿನಾ ಸೀಳಿತ್ತು. ತಣಿಯುವಾಗ ಒಳಗೆ ಉಳಿದ ಒತ್ತಡದ ಗುರುತು ಇದು.

ಆಮೇಲೆ ಸ್ಲೀವಿಗೆ ಮ್ಯಾಗ್ನೆಟ್ ಹಿಡಿದೆವು. ಅಂಟಲೇ ಇಲ್ಲ. ಪಾತ್ರೆ ಅಂಗಡಿಯಲ್ಲಿ ಮ್ಯಾಗ್ನೆಟ್ ಅಂಟಿದರೆ ಸ್ಟೀಲು ಕಳಪೆ ಅನ್ನುತ್ತಾರೆ, ಇಲ್ಲಿ ಲೆಕ್ಕ ಉಲ್ಟಾ. ಕೋವಾರ್ ಅಂದರೆ ಕಬ್ಬಿಣಕ್ಕೆ ಸುಮಾರು 29% ನಿಕ್ಕಲ್, 17% ಕೋಬಾಲ್ಟ್ ಸೇರಿದ ಲೋಹ, ಮ್ಯಾಗ್ನೆಟ್ಟಿಗೆ ಬಿಗಿಯಾಗಿ ಅಂಟುತ್ತದೆ. ನಮಗೆ ಬಂದದ್ದು ಎಸ್‌ಎಸ್ 304, ಅಂದರೆ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲು. ಗೋಡೆಯೂ ಡ್ರಾಯಿಂಗಿಗಿಂತ ದಪ್ಪ. ಕೋವಾರ್ ದುಬಾರಿ, 304 ಯಾವ ಅಂಗಡಿಯಲ್ಲೂ ಸಿಗುತ್ತದೆ. ಹೇಳದೆ ಕೇಳದೆ ಬದಲಾಯಿಸಿದ್ದರು.

"ಎರಡೂ ಲೋಹವೇ ಅಲ್ವಾ" ಅನ್ನುವವರಿಗೆ ಒಂದು ಲೆಕ್ಕ. ಬೆಳ್ಳಿ 72, ತಾಮ್ರ 28ರ ಫಿಲ್ಲರ್ 780 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಟೈಟೇನಿಯಂ ಬೆರೆತದ್ದೂ ಹೆಚ್ಚುಕಡಿಮೆ ಅಲ್ಲೇ. ಅಲ್ಲಿಂದ ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ ಅಲ್ಯುಮಿನಾ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 8 ಭಾಗ ಕುಗ್ಗುತ್ತದೆ, 304 ಸ್ಟೀಲು ಸುಮಾರು 18 ಭಾಗ. 20 ಮಿಲಿಮೀಟರ್ ವ್ಯಾಸದ ಜಾಯಿಂಟಿನಲ್ಲಿ ಈ ವ್ಯತ್ಯಾಸ 0.15 ಮಿಲಿಮೀಟರ್. ಸ್ಟೀಲು ಒಳಕ್ಕೆ ಎಳೆಯುತ್ತದೆ, ಸೆರಾಮಿಕ್ ಬಗ್ಗುವ ಜಾತಿಯಲ್ಲ, ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅದು ಇನ್ನೂ ಆರಪಾರ ಆಗಿಲ್ಲದಿದ್ದರೆ ಲೀಕ್ ಟೆಸ್ಟಿಗೆ ಸಿಗುವುದಿಲ್ಲ. ಒಂದೆರಡು ಸಲ ಕಾದು ತಣಿದಾಗ ಬೆಳೆದು ಆಚೆ ಬರುತ್ತದೆ. ಕೋವಾರ್‌ನ ಹಿಗ್ಗುವಿಕೆಯೂ 450 ಡಿಗ್ರಿ ಆಸುಪಾಸು ದಾಟಿದ ಮೇಲೆ ಜೋರಾಗುತ್ತದೆ, ಆದರೂ ಒಟ್ಟಾರೆ ಅಲ್ಯುಮಿನಾಗೆ ಹತ್ತಿರವೇ ಇರುತ್ತದೆ. ಗೋಡೆ ತೆಳುವಾಗಿರಲಿ ಅನ್ನುವುದೂ ಇದಕ್ಕೇ: ತೆಳು ಸ್ಲೀವ್ ತಾನೇ ಬಗ್ಗಿ ಒತ್ತಡ ನುಂಗುತ್ತದೆ. ಸ್ಟೀಲೇ ಬೇಕೆನ್ನುವ ಗಿರಾಕಿ ಇದ್ದರೆ ಮಧ್ಯೆ ಮೆತ್ತನೆ ತಾಮ್ರದ ಪದರ ಇಡುವುದುಂಟು. ಅದನ್ನು ಡಿಸೈನ್ ಹಂತದಲ್ಲೇ ಯೋಚಿಸಬೇಕು, ಫರ್ನೇಸ್ ಬಾಗಿಲಲ್ಲಿ ಅಲ್ಲ.

ಫರ್ನೇಸ್ ಚಾರ್ಟ್ (ಕುಲುಮೆಯ ಉಷ್ಣತೆ ಏರಿಳಿದ ದಾಖಲೆ) ಕೇಳಿದೆವು. ಮೊದಮೊದಲು ಕೊಡಲಿಲ್ಲ, ಕೊಟ್ಟಾಗ ನೋಡಿದರೆ ಗೆರೆ ಕಡಿದಾಗಿ ಇಳಿದಿತ್ತು. 400 ಡಿಗ್ರಿ ಹತ್ತಿರ ಗ್ಯಾಸ್ ಬಿಟ್ಟು ಬೇಗ ತಣಿಸಿದ್ದಾರೆ. ದಿನಕ್ಕೆ ಫರ್ನೇಸಿಗೆ ಇನ್ನೊಂದು ಲೋಡ್ ಹಾಕುವ ಅವಸರ ಅಂತ ನನ್ನ ಅನುಮಾನ. ಇಂಥ ಜಾಯಿಂಟನ್ನು ನಿಮಿಷಕ್ಕೆ ನಾಲ್ಕೈದು ಡಿಗ್ರಿಯಂತೆ ನಿಧಾನವಾಗಿ ಇಳಿಸಬೇಕು.

ಪರಿಹಾರ ಅಂತ ಅವರು ಹೇಳಿದ್ದು ಇನ್ನೂ ಸೊಗಸು: "ಕಳಿಸಿ, ಇನ್ನೊಂದಿಷ್ಟು ಫಿಲ್ಲರ್ ಹಾಕಿ ಮತ್ತೆ ಬ್ರೇಜ್ ಮಾಡ್ಕೊಡ್ತೀವಿ." ದಯವಿಟ್ಟು ಒಪ್ಪಬೇಡಿ. 800 ಡಿಗ್ರಿಗೆ ಸೆರಾಮಿಕ್‌ನ ಬಿರುಕು ಕೂಡಿಕೊಳ್ಳುವುದಿಲ್ಲ, ಹೆಚ್ಚೆಂದರೆ ಮುಚ್ಚಿಹೋಗಿ ಇನ್ನೊಮ್ಮೆ ಲೀಕ್ ಟೆಸ್ಟ್ ಪಾಸಾಗುತ್ತದೆ. ಮತ್ತೆ ಕರಗಿಸಿದಷ್ಟೂ ಟೈಟೇನಿಯಂ ಸೆರಾಮಿಕ್ ಕಡೆಯ ಪದರವನ್ನು ದಪ್ಪ ಮಾಡುತ್ತದೆ. ಆ ಪದರ ತೆಳುವಾಗಿದ್ದರೆ ಹಿಡಿತ, ದಪ್ಪವಾದರೆ ಪೆಡಸು.

ಈಗ ನಮ್ಮ ಪರ್ಚೇಸ್ ಆರ್ಡರಿನಲ್ಲಿ ಸ್ಲೀವಿನ ಮೆಟೀರಿಯಲ್ ಸರ್ಟಿಫಿಕೇಟ್, ಫಿಲ್ಲರ್‌ನ ಗ್ರೇಡ್, ಆಯಾ ಬ್ಯಾಚಿನ ಫರ್ನೇಸ್ ಚಾರ್ಟ್ ಮೂರನ್ನೂ ಬರೆಸುತ್ತೇವೆ. ಪ್ರತಿ ಬ್ಯಾಚಿನಲ್ಲೂ ಎಳೆದು ಮುರಿಯುವುದಕ್ಕೆಂದೇ ಒಂದೆರಡು ಪೀಸ್ ಹೆಚ್ಚಿಗೆ ಹಾಕಿಸುತ್ತೇವೆ, ಖರ್ಚು ನಮ್ಮದೇ. ಮಾಲು ಬಂದ ಕೂಡಲೇ ಲೀಕ್ ಟೆಸ್ಟ್ ಮಾಡುವುದಿಲ್ಲ. ಮೊದಲು ಬೇಕ್‌ಔಟ್ ಉಷ್ಣತೆಗೆ ಹಲವು ಸಲ ಕಾಯಿಸಿ ತಣಿಸಿ, ಆಮೇಲೆ ಹೀಲಿಯಂ ಹಿಡಿಯುತ್ತೇವೆ. ಅಲ್ಯುಮಿನಾ ತುದಿಯನ್ನು ಗ್ರೈಂಡ್ ಮಾಡಿದ್ದರೆ ಅದನ್ನೂ ಕೇಳಿ: ಒರಟಾಗಿ ಉಜ್ಜಿದ ಮೇಲ್ಮೈಯಲ್ಲಿ ಬಿರುಕಿನ ಬೀಜ ಆಗಲೇ ಬಿದ್ದಿರುತ್ತದೆ.

ಯಾರು ಆ ಸಪ್ಲೈಯರ್ ಅಂತ ಕೇಳಬೇಡಿ, ಹಣದ ತಕರಾರು ಇನ್ನೂ ಮುಗಿದಿಲ್ಲ. ಅವರ ಡೆಲಿವರಿ ಚಲನ್‌ನಲ್ಲಿ ಮಾತ್ರ ಇವತ್ತಿಗೂ "ಕೋವಾರ್ ಸ್ಲೀವ್, ಡ್ರಾಯಿಂಗ್ ಪ್ರಕಾರ" ಅಂತಲೇ ಇದೆ, ನಮ್ಮ ವಕೀಲರು ಹಿಡಿದುಕೊಂಡಿರುವುದೂ ಅದನ್ನೇ.