ಟೆಕ್ 7, ಟೆಕ್ 15, ಐಟಿಒ: ಲ್ಯಾಬ್‌ಗೆ ಯಾವ ಗಾಜು ತರಿಸಬೇಕು?

ಡೈ ಸೋಲಾರ್ ಸೆಲ್ (ಬೆಳಕನ್ನು ಬಣ್ಣ ಹೀರುವಂಥದ್ದು) ಅಥವಾ ಪೆರೊವ್‌ಸ್ಕೈಟ್ ಎಂಬ ಹರಳಿನ ಸೆಲ್ ಮಾಡುವ ಲ್ಯಾಬ್‌ಗಳಲ್ಲಿ, ಕರೆಂಟ್ ಹರಿಸುವ ಪಾರದರ್ಶಕ ಪದರವಿರುವ ಗಾಜು ತರಿಸುವಾಗ ಕಣ್ಣು ಮೊದಲು ಬೀಳುವುದು ಓಮ್ ಅಂಕಿಯ ಮೇಲೆ. ಐಟಿಒ (ಇಂಡಿಯಂ ಟಿನ್ ಆಕ್ಸೈಡ್) 10 ಓಮ್, ಎಫ್‌ಟಿಒ (ಫ್ಲೋರಿನ್ ಬೆರೆತ ಟಿನ್ ಆಕ್ಸೈಡ್, ಟೆಕ್ ಗಾಜಿನ ಪದರ ಇದೇ) 15 ಓಮ್, ಹಾಗಾದರೆ ಐಟಿಒನೇ ಮೇಲು ಅಂತ ಆರ್ಡರ್ ಹೋಗಿಬಿಡುತ್ತದೆ. ಅದರ ಮೇಲೆ ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಪೇಸ್ಟ್ ಬಳಿದು, ಫರ್ನೇಸ್‌ನಲ್ಲಿ 500 ಡಿಗ್ರಿಗೆ ಕಾಯಿಸಿ ಹೊರತೆಗೆದಾಗ ಮೀಟರ್‌ನಲ್ಲಿ ಓಮ್ ಹಲವು ಪಟ್ಟು ಏರಿ ಕೂತಿರುತ್ತದೆ. ಇದು ಮಾಲಿನ ದೋಷವಲ್ಲ, ಆ ಪದರಕ್ಕೆ ಡೋಪಿಂಗ್, ಅಂದರೆ ಕರೆಂಟ್ ಹರಿಯಲೆಂದು ಬೇರೆ ಧಾತುವಿನ ಬೆರಕೆ, ಆಗಿರುವ ಬಗೆಯೇ ಹಾಗೆ.

ಇಂಡಿಯಂ ಆಕ್ಸೈಡ್‌ಗೆ ತೂಕದಲ್ಲಿ ಸುಮಾರು 10% ಟಿನ್ ಆಕ್ಸೈಡ್ ಬೆರೆತದ್ದು ಐಟಿಒ. ಇಂಡಿಯಂ ಜಾಗದಲ್ಲಿ ಟಿನ್ ಕೂತರೆ ಒಂದು ಎಲೆಕ್ಟ್ರಾನ್ ಹೆಚ್ಚುವರಿ ಸಿಗುತ್ತದೆ. ಅದರ ಜೊತೆಗೆ, ಆಕ್ಸಿಜನ್ ಇಲ್ಲದೆ ಖಾಲಿ ಬಿದ್ದ ಜಾಗಗಳೂ ಎಲೆಕ್ಟ್ರಾನ್ ಕೊಡುತ್ತವೆ. ಗಾಳಿಯಲ್ಲಿ 300–350 ಡಿಗ್ರಿ ದಾಟಿತೋ, ಆಕ್ಸಿಜನ್ ಒಳಹೊಕ್ಕು ಆ ಖಾಲಿ ಜಾಗ ತುಂಬಿ, ಎಲೆಕ್ಟ್ರಾನ್ ಲೆಕ್ಕ ಇಳಿಯುತ್ತದೆ. ಎಫ್‌ಟಿಒದಲ್ಲಿ ಫ್ಲೋರಿನ್ ಕೂರುವುದು ಆಕ್ಸಿಜನ್‌ನದೇ ಜಾಗದಲ್ಲಿ, ಎರಡೂ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಅಲ್ಲದೆ ಟೆಕ್ ಗಾಜಿನ ಪದರ ಬೆಳೆಯುವುದೇ ಫ್ಲೋಟ್ ಗಾಜಿನ ಕಾರ್ಖಾನೆಯಲ್ಲಿ, 600 ಡಿಗ್ರಿಗೂ ಮೇಲೆ ಕಾದ ಗಾಜಿನ ಮೈಮೇಲೆ. ಅದಕ್ಕೆ 500 ಡಿಗ್ರಿ ಹೊಸದೇನಲ್ಲ. ಅಲ್ಲಿಂದ ಮೇಲೆ ಹೋದರೆ ಮೊದಲು ಮೆತ್ತಗಾಗಿ ಬಾಗುವುದು ಕೆಳಗಿನ ಸೋಡಾ ಲೈಮ್ ಗಾಜು.

ಇನ್ನು ಟೆಕ್ 7 ಮತ್ತು ಟೆಕ್ 15. ಹೆಸರು ನೋಡಿ 7ರಲ್ಲಿ ಡೋಪಿಂಗ್ ಎರಡು ಪಟ್ಟು ಇದೆ ಅಂದುಕೊಳ್ಳುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ: ಚೌಕದ ಓಮ್ (ಪದರದ ಒಂದು ಚೌಕದ ತಡೆ, ಟೆಕ್ ಹೆಸರಿನ ಅಂಕಿ ಇದೇ) ಅನ್ನು ದಪ್ಪದಿಂದ ಗುಣಿಸಿದರೆ ರೆಸಿಸ್ಟಿವಿಟಿ, ಅಂದರೆ ದಪ್ಪದ ಲೆಕ್ಕ ಬಿಟ್ಟು ಆ ವಸ್ತುವಿನದೇ ತಡೆ. ಟೆಕ್ 7ರ ಪದರ ಸುಮಾರು 550 ನ್ಯಾನೊಮೀಟರ್, ಟೆಕ್ 15ರದು ಸುಮಾರು 350. ಎರಡೂ 4ರಿಂದ 5×10⁻⁴ ಓಮ್ ಸೆಂಟಿಮೀಟರ್ ಆಸುಪಾಸಿಗೇ ಬರುತ್ತವೆ. ಅಂದರೆ ವ್ಯತ್ಯಾಸ ಬಹುಮಟ್ಟಿಗೆ ದಪ್ಪದ್ದು. ದಪ್ಪಕ್ಕೆ ತಕ್ಕಂತೆ ಹರಳುಗಳೂ ದೊಡ್ಡವಾಗಿ, ಟೆಕ್ 7 ಸ್ವಲ್ಪ ಮಸುಕಾಗಿ ಕಾಣುತ್ತದೆ, ಮೇಲ್ಮೈಯೂ ತರಿತರಿ. ಡೈ ಸೆಲ್‌ಗೆ ಅದರಿಂದ ತೊಂದರೆಯಿಲ್ಲ. 30–40 ನ್ಯಾನೊಮೀಟರ್ ಪದರ ಬಳಿಯುವವರಿಗೆ ಮಾತ್ರ ಆ ಚೂಪು ತುದಿಗಳು ಪದರವನ್ನು ತೂರಿ ಶಾರ್ಟ್ ಮಾಡುತ್ತವೆ. ನುಣುಪಿನಲ್ಲಿ ಐಟಿಒಗೆ ಸಾಟಿಯಿಲ್ಲ.

ಡೋಪಿಂಗ್ ಇನ್ನಷ್ಟು ಹೆಚ್ಚಿಸಿ ಓಮ್ ಇಳಿಸಬಾರದೇಕೆ? ಟಿನ್ ಕ್ಲೋರೈಡ್ ದ್ರಾವಣಕ್ಕೆ ಅಮೋನಿಯಂ ಫ್ಲೋರೈಡ್ ಬೆರೆಸಿ ತಾವೇ ಸ್ಪ್ರೇ ಮಾಡುವವರಿಗೆ ಇದರ ಉತ್ತರ ಕೈಯಾರೆ ಸಿಕ್ಕಿರುತ್ತದೆ. ಮೊದಮೊದಲು ಓಮ್ ಇಳಿಯುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಆಮೇಲೆ ಮತ್ತೆ ಏರುತ್ತದೆ. ಹೆಚ್ಚಾದ ಫ್ಲೋರಿನ್ ಸರಿಯಾದ ಜಾಗ ಸಿಗದೆ ಸಂದುಗಳಲ್ಲಿ ಸೇರಿಕೊಂಡು ಎಲೆಕ್ಟ್ರಾನ್ ಕೊಡುವ ಬದಲು ಕಸಿಯುತ್ತದೆ. ಕೂತ ಡೋಪಂಟ್ ಅಯಾನುಗಳೂ ಓಡುವ ಎಲೆಕ್ಟ್ರಾನ್‌ಗಳನ್ನು ಚದುರಿಸುತ್ತವೆ. ಎಲೆಕ್ಟ್ರಾನ್ ಜಾಸ್ತಿಯಾದಷ್ಟೂ ಇನ್‌ಫ್ರಾರೆಡ್ ಕಡೆಯ ಬೆಳಕು ಪದರದಲ್ಲೇ ಹೀರಿಹೋಗುತ್ತದೆ, ಇಲ್ಲವೇ ವಾಪಸು ಹೋಗುತ್ತದೆ. ಕಣ್ಣಿಗೆ ಪಾರದರ್ಶಕವಾಗಿಯೇ ಕಾಣುತ್ತದೆ, ಆದರೆ ಆ ಬೆಳಕು ಬೇಕಾದ ಸೆಲ್‌ಗೆ ಕರೆಂಟ್ ಕಡಿಮೆ.

ಹಾಗಂತ ಓಮ್ ಲೆಕ್ಕಕ್ಕೇ ಬರುವುದಿಲ್ಲ ಅಂತಲ್ಲ. 15 ಓಮ್ ಗಾಜಿನಲ್ಲಿ 20 ಮಿಲಿಆಂಪಿಯರ್ ಒಂದು ಪೂರ್ತಿ ಚೌಕ ದಾಟಬೇಕಾದರೆ 0.3 ವೋಲ್ಟ್ ದಾರಿಯಲ್ಲೇ ಖರ್ಚು. ಅದೇ 2 ಮಿಲಿಆಂಪಿಯರ್‌ನ ಪುಟ್ಟ ಸೆಲ್ ಆದರೆ 0.03 ವೋಲ್ಟ್. 1 ಚದರ ಸೆಂಟಿಮೀಟರ್ ಅಥವಾ ದೊಡ್ಡ ಸೆಲ್ ಮಾಡುವವರು ಟೆಕ್ 7 ತಗೊಳ್ಳಿ, ಉಳಿದವರಿಗೆ 15 ಧಾರಾಳ ಸಾಕು.

ಎಫ್‌ಟಿಒದ ನಿಜವಾದ ಕಿರಿಕಿರಿ ಎಚಿಂಗ್, ಅಂದರೆ ಬೇಡದ ಕಡೆಯ ಪದರ ಕರಗಿಸಿ ತೆಗೆಯುವುದು. ಐಟಿಒ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೇರವಾಗಿ ಕರಗುತ್ತದೆ, ಎಫ್‌ಟಿಒ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಉಳಿಯಬೇಕಾದ ಭಾಗಕ್ಕೆ ಕ್ಯಾಪ್ಟಾನ್ (Kapton) ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ ಉಜ್ಜಿ. ತೆರೆದ ಭಾಗದ ಮೇಲೆ ಜಿಂಕ್ ಪುಡಿಯನ್ನು ತೆಳ್ಳಗೆ ಉದುರಿಸಿ. 5 ಪಾಲು ನೀರಿಗೆ 1 ಪಾಲು 37% ಆಮ್ಲ ಹಾಕಿದರೆ ಸುಮಾರು 2 ಮೋಲಾರ್ ಆಗುತ್ತದೆ, ನೀರಿಗೇ ಆಮ್ಲ ಹಾಕಬೇಕು. ಅದನ್ನು ಡ್ರಾಪರ್‌ನಲ್ಲಿ ಹನಿ ಹನಿಯಾಗಿ ಬಿಡಿ. ನೊರೆ ಏಳುವಾಗ ಹುಟ್ಟುವ ಹೈಡ್ರೋಜನ್ ಟಿನ್ ಆಕ್ಸೈಡನ್ನು ಟಿನ್ ಲೋಹ ಮಾಡುತ್ತದೆ, ಆಮ್ಲ ಅದನ್ನು ಕರಗಿಸುತ್ತದೆ. ನೊರೆ ನಿಂತ ಮೇಲೆ ಇಯರ್‌ಬಡ್‌ನಲ್ಲಿ ಉಜ್ಜಿ ತೊಳೆಯಿರಿ. ಇದೆಲ್ಲ ಫ್ಯೂಮ್‌ಹುಡ್ ಒಳಗೆ, ಹತ್ತಿರ ಬೆಂಕಿ ಇರಬಾರದು. ಆಮ್ಲಕ್ಕೆ ನೀರು ಕಡಿಮೆಯಾದರೆ ಅದು ಟೇಪ್ ಕೆಳಗೆ ನುಸುಳಿ ಅಂಚು ಹರಿದಂತಾಗುತ್ತದೆ. ಒಂದೇ ಸಲಕ್ಕೆ ಮುಗಿಸಲು ಪುಡಿ ರಾಶಿ ಹಾಕಿದರೆ ಮಧ್ಯೆ ದ್ವೀಪಗಳು ಉಳಿಯುತ್ತವೆ. ಟೇಪ್ ಕೀಳುವ ಮೊದಲೇ ಎಚ್ ಆದ ಕಡೆ ಮೀಟರ್ ಹಿಡಿದು ಓಪನ್ (ಕರೆಂಟ್ ಹರಿಯದು) ಅಂತ ಬರುತ್ತದೆಯೇ ನೋಡಿ, ಇಲ್ಲದಿದ್ದರೆ ಇನ್ನೊಂದು ಸುತ್ತು.

ತೊಳೆಯುವುದು ಮಾಮೂಲಿ ಕ್ರಮ: ಸೋಪು ನೀರು, ಡಿಐ (ಅಯಾನು ತೆಗೆದ) ನೀರು, ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಒಂದೊಂದರಲ್ಲೂ 15 ನಿಮಿಷ ಸೋನಿಕೇಟರ್ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ). ಪ್ರತಿ ಸಲ ಎತ್ತಿದಾಗಲೂ ಯಾವ ಮಗ್ಗುಲು ಕಂಡಕ್ಟಿಂಗ್ ಅಂತ ಮೀಟರ್‌ನಲ್ಲಿ ನೋಡಿ, ಹಿಂಬದಿಯ ಮೂಲೆಯಲ್ಲಿ ಡೈಮಂಡ್ ಪೆನ್ನಿಂದ ಗೀಟು ಹಾಕಿಡಿ. ಮಾರ್ಕರ್ ಗುರುತು ಅಸಿಟೋನ್‌ನಲ್ಲೇ ಹೋಗುತ್ತದೆ.